ಖಾಲಿ ಕರಡಿಗೆ

ಒಗೆದ ಬಟ್ಟೆಗಳನ್ನು ಬೀರುವಿನಲ್ಲಿ ಜೋಡಿಸುತ್ತಿದ್ದ ಚಿಕ್ಕಮಲ್ಲಮ್ಮನ ಕೈಗೆ ಮೊಮ್ಮಗಳು ಕಾವ್ಯಶ್ರೀಯ ಬೆಳ್ಳಿ ಕರಡಿಗೆ ಸಿಕ್ಕಿತು. ಅದು ಇರಬೇಕಾದದ್ದು ಅವಳ ಕೊರಳಲ್ಲಿ, ಒಳಗೆ ಇಷ್ಟಲಿಂಗವನ್ನಿಟ್ಟುಕೊಂಡು. ದೀಕ್ಷೆಯಲ್ಲಿ ಕಟ್ಟಿದ ಲಿಂಗ ಮೈಬಿಟ್ಟು ಕದಲಬಾರದು, ಸತ್ತಾಗಲೂ ಅಂಗೈಯಲ್ಲಿಟ್ಟೇ ಮಣ್ಣು ಮಾಡಬೇಕು ಎಂದು ನಂಬಿ ಬಾಳಿದ ಮನೆ ಅದು. ಮುದುಕಿ ಕರಡಿಗೆಯನ್ನು ಕಿವಿಯ ಹತ್ತಿರ ಹಿಡಿದಳು. ಅಲುಗಿಸಿ ನೋಡಿದಳು, ಸದ್ದಿಲ್ಲ. ಮುಚ್ಚಳ ತೆಗೆದಳು. ಒಳಗೆ ಏನೂ ಇರಲಿಲ್ಲ.

ಮಗ ರಾಜಶೇಖರ್ ಈರುಳ್ಳಿ ಹೇರಿಕೊಂಡು ಗುಂಡ್ಲುಪೇಟೆಗೆ ಹೋಗಿದ್ದ. ಕಾವ್ಯಶ್ರೀ ಬೆಳಗಾಗುತ್ತಲೇ ಬದನಗುಪ್ಪೆಯ ಗಾರ್ಮೆಂಟ್ಸ್ ವ್ಯಾನು ಹತ್ತಿದ್ದಳು. ನಾಲ್ಕು ತಿಂಗಳಿಂದ ಅವಳಿಗೆ ಅಲ್ಲಿ ಹೊಲಿಗೆ ಕೆಲಸ. ಈಚೆಗೆ ಹುಡುಗಿ ಕತ್ತು ಮುಚ್ಚುವ ಚೂಡಿದಾರವನ್ನೇ ಹಾಕುತ್ತಿದ್ದದ್ದು ಅಜ್ಜಿಗೆ ಈಗ ಹೊಳೆಯಿತು. ಎಲ್ಲೆಲ್ಲಿಂದಲೋ ಬಂದವರ ಜೊತೆ ಸೇರಿ ಯಾವ ದಾರಿ ಹಿಡಿದಳೋ, ಲಿಂಗವನ್ನು ಏನು ಮಾಡಿದಳೋ? ಕರಡಿಗೆಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು, ಬಾಗಿಲಿಗೆ ಬೀಗ ಜಡಿದು, ತೆರಕಣಾಂಬಿಯಿಂದ ಚಾಮರಾಜನಗರದ ಬಸ್ಸು ಹತ್ತಿದಳು. ಅಲ್ಲಿ ಇನ್ನೊಂದು ಬಸ್ಸು ಹಿಡಿದು ಫ್ಯಾಕ್ಟರಿಯ ಗೇಟಿಗೆ ಬಂದಾಗ ಊಟದ ಹೊತ್ತಾಗಿತ್ತು.

ಗೇಟಿನವನು ಹೇಳಿ ಕಳಿಸಿದ ಮೇಲೆ ಕಾವ್ಯಶ್ರೀ ಓಡಿ ಬಂದಳು. ಅಪ್ಪನಿಗೆ ಏನಾದರೂ ಆಯಿತೇ ಎಂದು ಅವಳ ಮುಖ ಬಿಳಿಚಿಕೊಂಡಿತ್ತು. ಚಿಕ್ಕಮಲ್ಲಮ್ಮ ಸೆರಗಿನ ಗಂಟು ಬಿಚ್ಚಿದಳು.

"ಲಿಂಗ ಎಲ್ಲಮ್ಮಿ? ಎಲ್ಲಿ ಬಿಸಾಕ್ಬುಟ್ಟೆ?"

ಹುಡುಗಿ ಅಜ್ಜಿಯನ್ನು ಕ್ಯಾಂಟೀನಿನ ಮೂಲೆಗೆ ಕರೆದುಕೊಂಡು ಹೋಗಿ ಚೂಡಿದಾರದ ಎಡತೋಳನ್ನು ಮೇಲೆ ಸರಿಸಿದಳು. ರಟ್ಟೆಗೆ ಬಿಳಿ ಬಟ್ಟೆ ಬಿಗಿದಿತ್ತು, ಅದರೊಳಗೆ ಲಿಂಗ ಗುಂಡಗೆ ಉಬ್ಬಿತ್ತು. ಮಿಷನ್ನಿನ ಹತ್ತಿರ ಕೊರಳಲ್ಲಿ ಏನೂ ತೂಗಾಡಕೂಡದೆಂದು ಮೊದಲ ದಿನವೇ ಹೇಳಿದ್ದರಂತೆ. ಕೆಲವರು ಮನೆಯಲ್ಲೇ ತೆಗೆದಿಟ್ಟು ಬಂದರು, ಇವಳಿಗೆ ಮನಸ್ಸು ಬರಲಿಲ್ಲ. ಬೆಳ್ಳಿ ಕಾಣದ ಬಡವರು ಹಿಂದೆ ಬಟ್ಟೆಯಲ್ಲೇ ಕಟ್ಟಿಕೊಳ್ಳುತ್ತಿದ್ದರು ಎಂದು ಕ್ಯಾಂಟೀನಿನ ಅಡುಗೆಯ ಶಾಂತಮಲ್ಲಮ್ಮ ತೋರಿಸಿಕೊಟ್ಟಳಂತೆ.

"ನಂಗ್ಯಾಕಮ್ಮಿ ಯೋಳ್ನಿಲ್ಲ?"

"ಯೋಳಿದ್ರೆ ಕೆಲ್ಸ ಬುಡುಸ್ಬುಡ್ತಿದ್ದೆ ಕಣಜ್ಜಿ."

ಅಷ್ಟರಲ್ಲಿ ಇನ್ನೂ ಐದಾರು ಹುಡುಗಿಯರು ಕೈ ತೊಳೆದು ಬಂದು ಸಾಲಾಗಿ ಕೂತರು. ಒಬ್ಬೊಬ್ಬಳೇ ರಟ್ಟೆಗೆ ಕಟ್ಟಿದ ಪಟ್ಟಿ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡಳು. ವಿಭೂತಿಯ ಉಂಡೆ ಕೈಯಿಂದ ಕೈಗೆ ದಾಟಿತು. ಚಿಕ್ಕಮಲ್ಲಮ್ಮ ಕಣ್ಣು ಮಿಟುಕಿಸದೆ ನೋಡುತ್ತಾ ನಿಂತಳು.

"ನಿಂದು ಪೂಜೆ ಆಯ್ತಾ ಅಜ್ಜಿ?" ಕಾವ್ಯಶ್ರೀ ಸಹಜವಾಗಿಯೇ ಕೇಳಿದಳು.

ಮುದುಕಿಗೆ ಆಗ ನೆನಪಾಯಿತು. ಕರಡಿಗೆ ಕಂಡ ಗಾಬರಿಯಲ್ಲಿ ಪೂಜೆಯನ್ನೇ ಮರೆತು ಹೊರಟಿದ್ದಳು. ಸಾಲದ್ದಕ್ಕೆ ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿದಿದ್ದಳು. ಬುದ್ಧಿ ತಿಳಿದಾಗಿನಿಂದ ಪೂಜೆಯಾಗದೆ ತೊಟ್ಟು ನೀರು ಬಾಯಿಗೆ ಹಾಕಿದವಳಲ್ಲ. ಮೊಮ್ಮಗಳನ್ನು ಬೈಯಲು ಕಟ್ಟಿಕೊಂಡು ಬಂದಿದ್ದ ಮಾತನ್ನೆಲ್ಲ ಅಲ್ಲಿಗೇ ಬಿಟ್ಟಳು.

"ಆಗ್ನಿಲ್ಲ ಕಣಮ್ಮಿ," ಎಂದಳು.

ಹುಡುಗಿಯರು ಸರಿದು ಜಾಗ ಮಾಡಿಕೊಟ್ಟರು. ಚಿಕ್ಕಮಲ್ಲಮ್ಮ ಕೊರಳ ಲಿಂಗವನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡಾಗ ಕಾವ್ಯಶ್ರೀ ಅದರ ಕೆಳಗೆ ತನ್ನ ಕೈಯನ್ನು ಆನಿಸಿದಳು. ಊಟದ ಬಿಡುವು ಮುಗಿದ ಗಂಟೆ ಹೊಡೆಯಿತು. ಹುಡುಗಿಯರು ಎರಡೆರಡು ತುತ್ತು ಬಾಯಿಗೆ ಹಾಕಿಕೊಂಡು ಓಡಿದರು. ಚಿಕ್ಕಮಲ್ಲಮ್ಮ ಪೂಜೆ ಮುಗಿಸಿ ಊರಿನ ಬಸ್ಸು ಹಿಡಿದಳು.

ಸಂಜೆ ಮನೆಯಲ್ಲಿ ತನ್ನ ಹಳೆಯ ಸೀರೆಯ ಸೆರಗಿನಿಂದ ಪಟ್ಟಿ ಹರಿದು, ಬೆವರಿಗೆ ಒದ್ದೆಯಾದಾಗ ಬದಲಾಯಿಸಲು ಇರಲಿ ಎಂದು ಮೊಮ್ಮಗಳಿಗೆ ಕೊಟ್ಟಳು. ಫ್ಯಾಕ್ಟರಿಗೆ ಹೋಗಿದ್ದನ್ನು ಮಗನಿಗೂ ತಿಳಿಸಿದಳು. ಟೀ ಕುಡಿದದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ.