ಒರೆಸಿಬಿಟ್ಟ ಗೀಟು

ಒದ್ದೆ ಬಟ್ಟೆಯಲ್ಲಿ ಒರೆಸಿದ ಸ್ಲೇಟಿನ ವಾಸನೆ, ಹೌದು ಅದೇ, ಒಂದನೇ ಕ್ಲಾಸಿನಲ್ಲಿ ಮೂಗಿಗೆ ಹಿಡಿದು ಮೂಸುತ್ತಿದ್ದದ್ದು, ಅರವತ್ತು ವರ್ಷವಾದ ಮೇಲೆ ಈ ಬಂಡೆಯಿಂದ ಬರುತ್ತಿದೆ, ಬೆಳಗಿನ ತೇವ ಈಗಷ್ಟೇ ಆರಿದೆ — ಕಲ್ಲಿಗೂ ವಾಸನೆಯಿದೆಯೆಂದು ಮೂವತ್ತೊಂದು ವರ್ಷ ಕಾಲೇಜಿನ ಲೈಬ್ರರಿ ನೋಡಿಕೊಂಡವಳಿಗೆ ಒಂದು ಪುಸ್ತಕವೂ ಹೇಳಲಿಲ್ಲವಲ್ಲ — ಏನೇ ಅದು, ಬಂಡೇನ ನೆಕ್ತೀಯಾ ಏನು, ಹಲ್ಲಿ ನಗುತ್ತಾಳೆ, ಹಾಸ್ಟೆಲಿನ ಗೋಡೆ ಹತ್ತಿ ಕಿಟಕಿಯಿಂದ ಒಳಗೆ ಬಂದ ದಿನದಿಂದ ನನ್ನ ಗೆಳತಿ ಹಲ್ಲಿಯೇ, ಅಜ್ಜಿಯಾದ ಮೇಲೂ ಹಲ್ಲಿಯೇ. ಹಗ್ಗವಿಲ್ಲ, ಕೆಳಗೊಂದು ದಪ್ಪ ಹಾಸು, ಎರಡಾಳೆತ್ತರದ ಬಂಡೆ, ಏಳು ವರ್ಷದಿಂದ ಇವಳನ್ನು ಅರ್ಧದಲ್ಲೇ ಇಳಿಸಿ ಕಳಿಸುತ್ತಿದೆ, ಸೋಮವಾರ ಇವಳ ಬೆರಳಿನ ಆಪರೇಷನ್, ಆಮೇಲೆ ಪೆನ್ನು ಹಿಡಿದರೆ ಹೆಚ್ಚು ಎಂದಿದ್ದಾರೆ ಡಾಕ್ಟರು, ಇವತ್ತಾದರೆ ಆಯಿತು. ಹಿಡಿಯೋಕೆ ಬರ್ಬೇಡ, ಬಿದ್ರೆ ಬೆನ್ನನ್ನ ಹಾಸಿನ ಕಡೆ ತಳ್ಳು, ಅಷ್ಟೇ ನಿನ್ ಕೆಲ್ಸ. ಸರಿ. ಅವಳು ಕೆನ್ನೆ ಒತ್ತಿ, ಕಣ್ಣು ಮುಚ್ಚಿ, ಬೆರಳಲ್ಲಿ ಬಂಡೆಯನ್ನು ಓದುತ್ತಾಳೆ — ಏನು ಬರೆದಿದೆ ಅಲ್ಲಿ, ನಾನೂ ಅದೇ ಬಿರುಕಿಗೆ ಬೆರಳಿಟ್ಟೆ, ನನಗೆ ಸಿಕ್ಕಿದ್ದು ಒಂದು ಇರುವೆ, ಅದಕ್ಕೆ ಯಾರು ದಾರಿ ಹೇಳಿಕೊಟ್ಟರು — ಅವಳು ಬೂಟು ಬಿಗಿಯುವಷ್ಟರಲ್ಲಿ ಬಂಡೆಯ ಉಬ್ಬಿನ ಕೆಳಗೊಂದು ಬಿಳಿ ಗೀಟು ಕಂಡಿತು, ಯಾರೋ ಓದುಗ ಸಾಲಿನಡಿ ಎಳೆದು ಬಿಟ್ಟು ಹೋದ ಹಾಗೆ, ಅಂಥವನ್ನು ಎಷ್ಟು ಸಾವಿರ ಅಳಿಸಿದ್ದೇನೋ, ಕೈ ತನ್ನಷ್ಟಕ್ಕೆ ಕರವಸ್ತ್ರ ತೆಗೆಯಿತು, ಒರೆಸಿತು, ಕಲ್ಲು ಚೊಕ್ಕಟವಾಯಿತು, ಒಂದು ಪುಣ್ಯದ ಕೆಲಸ ಮಾಡಿದ ಸಮಾಧಾನ. ಹತ್ತುತ್ತಿದ್ದಾಳೆ, ಈ ವಯಸ್ಸಿಗೆ ಎಂಥ ಹಗುರ, ಉಬ್ಬು ದಾಟಿತು, ಇಷ್ಟು ಮೇಲೆ ಎಂದೂ ಹೋಗಿರಲಿಲ್ಲ, ಈಗ ಎಡಗಾಲು ಕೆಳಗೆ ಬಂದು ಗಾಳಿಯಲ್ಲಿ ತಡಕುತ್ತದೆ, ಮಂಚದಡಿ ಚಪ್ಪಲಿ ಹುಡುಕುವ ಕಾಲಿನಂತೆ, ತಡಕುತ್ತದೆ — ಎಲ್ಲೇ ನನ್ ಗೀಟು, ಕಾಲಿಡೋ ಜಾಗಕ್ಕೆ ಚಾಕ್‌ಪೀಸಲ್ಲಿ ಹಾಕಿದ್ನಲ್ಲ — ಹಲ್ಲೀ, ನಾನೇ ಒರೆಸ್ಬಿಟ್ಟೆ ಕಣೇ, ಕೊಳೆ ಅಂದ್ಕೊಂಡೆ, ಎಡಕ್ಕೆ, ಒಂದ್ ಗೇಣು ಕೆಳಗೆ, ಅಲ್ಲ ಇನ್ನೂ ಎಡಕ್ಕೆ — ಅಯ್ಯೋ ಮಹಾತಾಯಿ, ಬಂಡೇನೂ ಲೈಬ್ರರಿಗೆ ಸೇರಿಸ್ಕೊಂಡ್ಯಾ — ಮೇಲೆಯೇ ನಕ್ಕಳು, ನಗುವಿನಲ್ಲೇ ಕೈ ಜಾರಿತು, ಬೆನ್ನು ನನ್ನ ಅಂಗೈಗೆ ಬಂತು, ತಳ್ಳಿದೆ, ಇಬ್ಬರೂ ಬಿದ್ದೆವು, ಅವಳು ಹಾಸಿನ ಮೇಲೆ, ನಾನು ಜಲ್ಲಿಯ ಮೇಲೆ. ಇನ್ನೊಂದ್ಸಲ ಹತ್ತೇ, ನಾನೇ ಗೀಟು ಹಾಕ್ತೀನಿ. ಇಲ್ಲ ಕಣೇ, ಬೆರಳು ಮಡಚ್ತಾನೇ ಇಲ್ಲ. ಬಂಡೆಯ ತುದಿಯನ್ನು ನೋಡುತ್ತಾಳೆ, ನಾನು ಅವಳ ಮುಖವನ್ನು, ಕೋಪವೋ, ಲೆಕ್ಕಾಚಾರವೋ, ಬೀಳ್ಕೊಡುಗೆಯೋ, ಇಂಥ ಹೊತ್ತಲ್ಲೂ ತಿಳಿಯುವ ಕುತೂಹಲ ಬಿಡದಲ್ಲ ನನಗೆ, ನಾಚಿಕೆಯಾಗುತ್ತದೆ, ಏಳು ವರ್ಷಕ್ಕೆ ಒಂದು ಕರವಸ್ತ್ರ, ಆ ಕಾಲು, ಗಾಳಿಯಲ್ಲಿ ತಡಕುವ ಆ ಕಾಲು, ನನ್ನ ಎರಡೂ ಅಂಗೈ ತರಚಿ ಉರಿಯುತ್ತಿವೆ, ಮಡಿಲಲ್ಲಿ ಮುಚ್ಚಿಟ್ಟುಕೊಂಡಿದ್ದೇನೆ, ಹೇಳುವ ಮುಖವಿಲ್ಲ, ಅವಳು ನನ್ನ ಮಡಿಲತ್ತ ಒಮ್ಮೆ ನೋಡಿ ಎದ್ದಳು, ಚೀಲದಲ್ಲಿ ಏನೋ ಹುಡುಕಿದಳು, ಊಟದ ಡಬ್ಬಿ, ಬಿಗಿ ಮುಚ್ಚಳ, ಬಲಗೈಗೆ ಬಾರದೆ ಮೊಣಕಾಲುಗಳ ಮಧ್ಯೆ ಅವುಚಿ ಎಡಗೈಯಲ್ಲಿ ತಿರುವಿದಳು, ತೆರೆದು ನನ್ನ ಮುಂದೆ ಹಿಡಿದಳು, ಅನ್ನ, ಅದರಲ್ಲಿ ನೆಟ್ಟ ಚಮಚ, ಅದರ ಹಿಡಿಗೆ ತನ್ನ ಬೆರಳಿಗೆಂದು ಸುತ್ತಿಕೊಂಡಿದ್ದ ಮೆತ್ತನೆಯ ಬಟ್ಟೆ, ಹಿಡಿ ನನ್ನ ಕಡೆಗೆ —