ಒಂದೇ ಕೈಯ ನಾಯಿ

ನಿಮ್ಮ ಮನೆಯ ನಾಯಿ ಯಾರ ಮಾತು ಕೇಳುತ್ತದೆ? ಮನೆಯವರೆಲ್ಲರದ್ದೋ, ಒಬ್ಬರದ್ದೋ? ಒಬ್ಬರದ್ದೇ ಎಂದಾದರೆ ನಮ್ಮ ಪಕ್ಕದ ಮನೆಯ ಡಿಲಿಸಳ ಕಥೆಯನ್ನು ನೀವು ಕೇಳಬೇಕು.

ವೇಲ್ಸ್ ನಾಡಿನ ನಮ್ಮ ಗುಡ್ಡಗಳಲ್ಲಿ ಕುರಿನಾಯಿಗೆ ಒಡೆಯ ಒಬ್ಬನೇ. ಊಟ ಹಾಕುವವನು, ಶಿಳ್ಳೆ ಹೊಡೆದು ಕೆಲಸ ಹೇಳುವವನು, ಬೆನ್ನು ತಟ್ಟುವವನು ಎಲ್ಲ ಅವನೇ. ಉಳಿದವರು ಮುದ್ದು ಮಾಡಿದರೆ ನಾಯಿ ಕೆಡುತ್ತದೆ ಎಂಬುದು ಹಿರಿಯರಿಂದ ಬಂದ ಮಾತು. ಕುರಿ ಸಾಕುತ್ತಿದ್ದ ಇದ್ವಾಲ್, ತನ್ನ ನಾಯಿ ಪೆರೋ ಇನ್ನೂ ಮರಿಯಾಗಿದ್ದಾಗ ಹೆಂಡತಿ ಡಿಲಿಸಳಿಗೂ ಇದನ್ನೇ ಹೇಳಿದ್ದ. ಅವಳು ಪಾಲಿಸಿದಳು. ಇಷ್ಟು ವರ್ಷ ಒಂದೇ ಅಂಗಳದಲ್ಲಿ ಬಾಳಿದರೂ ಆ ನಾಯಿಯ ತಲೆಯನ್ನು ಅವಳು ಒಮ್ಮೆಯೂ ಸವರಿರಲಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಇದ್ವಾಲ್ ತೀರಿಕೊಂಡ. ಕುರಿಗಳನ್ನು ನೆರೆಯ ಎಮ್ರಿಸ್ ಕೊಂಡುಕೊಂಡ. ಅಂಗಳದಲ್ಲಿ ಉಳಿದದ್ದು ಡಿಲಿಸ್ ಮತ್ತು ಪೆರೋ. ಒಬ್ಬರನ್ನು ಕಳೆದುಕೊಂಡ ಇಬ್ಬರು, ಒಬ್ಬರಿಗೊಬ್ಬರು ಅಪರಿಚಿತರು. ಅವಳು ಕಿಟಕಿಯ ಈಚೆಗೆ ಒಂದೇ ಬಟ್ಟಲಿನ ಚಹಾ ಹಿಡಿದು ಕೂರುವಳು. ಅದು ಗೇಟಿನ ಬಳಿ ಮುಖವನ್ನು ಗುಡ್ಡದತ್ತ ಮಾಡಿ ಮಲಗುವುದು.

ಆಮೇಲೆ ಪೆರೋ ತಪ್ಪಿಸಿಕೊಂಡು ಎಮ್ರಿಸನ ಹೊಲಕ್ಕೆ ಹೋಗತೊಡಗಿತು. ಕಚ್ಚುತ್ತಿರಲಿಲ್ಲ. ತನ್ನ ಹಳೆಯ ಕುರಿಗಳನ್ನು ಸುತ್ತುವರಿದು ಮೂಲೆಗೆ ಕೂಡಿಹಾಕಿ, ಯಾರೋ ಬರುತ್ತಾರೆಂದು ಕಾಯುತ್ತಾ ಕೂರುತ್ತಿತ್ತು. ಡಿಲಿಸ್ ಗಂಟಲು ಹರಿಯುವಂತೆ ಕೂಗಿದರೂ ಬರುತ್ತಿರಲಿಲ್ಲ. ಕೊನೆಗೆ ಬಂದಾಗ ಬೈದು ಸರಪಳಿ ಹಾಕುವಳು.

ಒಂದು ಬೆಳಿಗ್ಗೆ ಎಮ್ರಿಸ್ ಟೋಪಿ ತೆಗೆದು ಬಾಗಿಲಲ್ಲಿ ನಿಂತ.

"ಬೇಜಾರು ಮಾಡ್ಕೋಬೇಡ ತಾಯಿ. ಕುರಿಗಳೆಲ್ಲ ತುಂಬು ಗಬ್ಬದಲ್ಲಿವೆ. ಹಿಂಗೆ ಓಡಿಸಿದ್ರೆ ಹೊಟ್ಟೇಲಿರೋ ಮರಿಗಳನ್ನ ಕಂದು ಹಾಕ್ತವೆ. ಇನ್ನೊಂದ್ಸಲ ಬಂದ್ರೆ ನಾನು ಕೋವಿ ತಗೋಬೇಕಾಗತ್ತೆ. ಇದ್ವಾಲನ ನಾಯಿ ಮೇಲೆ ಗುಂಡು ಹಾರಿಸೋ ಹಾಗೆ ಮಾಡ್ಬೇಡ ನನ್ನ."

ಕುರಿ ಓಡಿಸುವ ನಾಯಿಗೆ ಗುಂಡು ಹಾರಿಸಬಹುದೆಂಬ ಕಾನೂನೂ ಅವನ ಕಡೆಗೇ ಇತ್ತು. ಡಿಲಿಸ್ ತನ್ನ ಗೆಳತಿ ನೆಸ್ತಾಳಿಗೆ ಫೋನು ಮಾಡಿದಳು. ನೆಸ್ತಾ ಊರಿನ ಸಭಾಭವನದಲ್ಲಿ ನಾಯಿ ಸಾಕುವವರಿಗೆ ತರಬೇತಿ ಕೊಡುವವಳು. ಪಾಠ ಕೇಳಲು ಮಾತ್ರ ಡಿಲಿಸಳಿಗೆ ಮನಸ್ಸಿರಲಿಲ್ಲ. ಯಾರಾದರೂ ನಾಯಿಯನ್ನು ಕೊಂಡೊಯ್ಯಲಿ, ಅಷ್ಟು ಸಾಕು ಎಂದಳು.

"ಮುದಿ ನಾಯಿಗೆ ಎಂಥ ಪಾಠವೇ? ನನಗೂ ವಯಸ್ಸಾಯ್ತು, ಅದಕ್ಕೂ ಆಯ್ತು."

"ಹಂಗಂದ್ರೆ ಇಬ್ಬರೂ ಒಂದೇ ತರಗತಿ" ಎಂದು ನೆಸ್ತಾ ನಕ್ಕಳು. ಅಂದೇ ಬಂದಳು.

ತಾನೇನೂ ಪ್ರಯತ್ನ ಮಾಡದೆ ಕುಳಿತಿಲ್ಲ ಎಂದು ತೋರಿಸಲು ಡಿಲಿಸ್ ಗಂಡನ ಕೋಟಿನ ಜೇಬಿನಿಂದ ಶಿಳ್ಳೆ ತಂದು ಊದಿದಳು. ಪೆರೋ ಬಾಣದಂತೆ ಎದ್ದಿತು. ಕೊಟ್ಟಿಗೆಗೆ ಓಡಿತು, ಹುಲ್ಲಿನ ಮನೆಗೆ ಓಡಿತು, ಟ್ರಾಕ್ಟರಿನ ಹಿಂದೆ, ಗೋಡೆಯಾಚೆ ಎಲ್ಲ ಹುಡುಕಿತು. ಶಿಳ್ಳೆ ಹಿಡಿದು ನಿಂತ ಅವಳನ್ನು ದಾಟಿಕೊಂಡೇ ಓಡಾಡಿತು. ಆಮೇಲೆ ಗೇಟಿನ ಬಳಿ ಬಂದು ನಿಧಾನವಾಗಿ ಮಲಗಿತು.

ಆಮೇಲೆ ನೆಸ್ತಾ ಆ ಶಿಳ್ಳೆಯನ್ನು ಒಳಗಿಟ್ಟುಬಿಡಲು ಹೇಳಿದಳು. ಅದು ಇದ್ವಾಲನ ದನಿ, ಅದನ್ನು ಊದಿದಾಗಲೆಲ್ಲ ನಾಯಿ ಅವನನ್ನೇ ಹುಡುಕುತ್ತದೆ ಎಂದಳು. ಇನ್ನೊಂದನ್ನೂ ಕೇಳಿದಳು: ತಡವಾಗಿ ಬಂದಾಗ ಬೈಯುತ್ತೀಯಾ?

"ಬೈಯದೆ ಇನ್ನೇನು, ಆರತಿ ಎತ್ತಲಾ?"

"ಹೂಂ, ಎತ್ತು. ಓಡಿಹೋಗಿದ್ದಕ್ಕೆ ಬೈದೆ ಅಂತ ನೀನು ಅಂದ್ಕೊಂಡಿದೀಯ. ಅದಕ್ಕೆ ಹಂಗೆ ಅರ್ಥ ಆಗಲ್ಲ ಕಣೇ. ನಿನ್ನ ಹತ್ರ ಬಂದ್ರೆ ಬೈಗುಳ, ನಿನ್ನ ಹತ್ರ ಬಂದ್ರೆ ಸರಪಳಿ, ಅಷ್ಟೇ ಅದಕ್ಕೆ ಗೊತ್ತಾಗೋದು. ನೀನಾಗಿದ್ರೆ ಬರ್ತಿದ್ಯಾ?"

ಡಿಲಿಸ್ ಶಿಳ್ಳೆಯನ್ನು ಒಳಗಿಡಲು ಹೋದಳು, ನೆಸ್ತಾ ಹಿಂದೆಯೇ ಬಂದಳು.

ಬಳಿಕ ನೆಸ್ತಾ, ಈ ನಾಯಿ ನಿನ್ನಿಂದ ಯಾವ ಸದ್ದು ಕೇಳಿ ಬೆಳೆದಿದೆ ಎಂದು ವಿಚಾರಿಸಿದಳು. ಏನೂ ಇಲ್ಲ, ನಾನು ಅದರ ಜೊತೆ ಮಾತೇ ಆಡಿಲ್ಲವಲ್ಲ ಎಂದಳು ಡಿಲಿಸ್. ಹಾಗೆಂದವಳೇ ಅಡುಗೆಮನೆಯ ಗೋಡೆಯತ್ತ ನೋಡಿದಳು. ಮೊಳೆಗೆ ತೂಗುಹಾಕಿದ್ದ ತಗಡಿನ ತಟ್ಟೆ. ಸಂಜೆ ಊಟಕ್ಕೆ ಇದ್ವಾಲನನ್ನು ಕರೆಯಲು ಅದನ್ನು ಚಮಚದಿಂದ ಬಡಿಯುತ್ತಿದ್ದಳು. ಗುಡ್ಡದಿಂದ ಅವನು ಇಳಿದು ಬರುವಾಗ ಪೆರೋ ಅವನಿಗಿಂತ ಮುಂದಿರುತ್ತಿತ್ತು. ಅವನು ಹೋದಮೇಲೆ ಅದನ್ನು ಬಡಿದಿರಲಿಲ್ಲ. ಯಾರನ್ನು ಕರೆಯಲೆಂದು ಬಡಿಯುವುದು?

"ಇದಕ್ಕೂ ಅದು ಅವರನ್ನೇ ಹುಡುಕಿದ್ರೆ?" ಎಂದು ತಗ್ಗಿದ ದನಿಯಲ್ಲಿ ಕೇಳಿದಳು.

"ಶಿಳ್ಳೆ ಅಂದ್ರೆ ಅವನ ಹತ್ರ ಹೋಗು ಅಂತ. ತಟ್ಟೆ ಅಂದ್ರೆ ಮನೆಗೆ ಬಾ ಅಂತ. ಮನೆ ಇನ್ನೂ ಇದೆಯಲ್ಲೇ."

ಅಂದಿನಿಂದ ಶುರುವಾಯಿತು. ಗೇಟಿಗೆ ಹೊಸ ಚಿಲಕ ಬಂತು. ಡಿಲಿಸ್ ಅಂಗಳದ ಕಲ್ಲಿನ ಮೇಲೆ ಸುಮ್ಮನೆ ಕೂರುವಳು, ನಾಯಿಯನ್ನು ಹಿಡಿಯಲು ಹೋಗುತ್ತಿರಲಿಲ್ಲ. ತಟ್ಟೆ ಬಡಿಯುವಳು, ಬಂದ ಕೂಡಲೇ ಮಾಂಸದ ಚೂರು ಕೊಡುವಳು. ಮೊದಲು ಅಂಗಳದೊಳಗೆ, ಆಮೇಲೆ ಉದ್ದ ಹಗ್ಗ ಕಟ್ಟಿ ಹೊಲದಲ್ಲಿ. ಒಂದು ಸಲಕ್ಕೆ ಸ್ವಲ್ಪ ಹೊತ್ತು ಮಾತ್ರ, ಬೇಸರ ಬರುವ ಮೊದಲೇ ನಿಲ್ಲಿಸುವಳು. ಬೆಳಿಗ್ಗೆ ಸಂಜೆ ಇಬ್ಬರೂ ತಿರುಗಾಟಕ್ಕೆ ಹೋಗತೊಡಗಿದರು. ಇದ್ವಾಲ್ ಹೋದಮೇಲೆ ಸರಿಯಾಗಿ ತಿನ್ನದಿದ್ದ ನಾಯಿ ಹೊಟ್ಟೆತುಂಬ ಉಣ್ಣತೊಡಗಿತು. ಅವಳೂ ಸ್ಟವ್ ಹಚ್ಚಿ ಸರಿಯಾದ ಅಡುಗೆ ಮಾಡತೊಡಗಿದಳು.

ಕುರಿಗಳು ಈಯುವ ಹೊತ್ತು ಬಂತು. ಅಂದು ಮಂಜು ಕವಿದ ಬೆಳಿಗ್ಗೆ. ಅಂಚೆಯವನು ಗೇಟಿನ ಚಿಲಕ ಹಾಕದೆ ಹೋಗಿದ್ದ. ಡಿಲಿಸ್ ಹೊರಗೆ ಬಂದಾಗ ಪೆರೋ ಎಮ್ರಿಸನ ಹೊಲದ ಗೋಡೆ ಹಾರಿಯಾಗಿತ್ತು. ಕುರಿಗಳು ಬೆದರಿ ಒಟ್ಟುಗೂಡುತ್ತಿದ್ದವು. ಹೊಲದ ಆ ತುದಿಯಲ್ಲಿ ಎಮ್ರಿಸ್, ಕೈಯಲ್ಲಿ ಕೋವಿ.

ಕೂಗಲು ಬಾಯಿ ತೆರೆದಳು. ಕೂಗಲಿಲ್ಲ. ಒಳಗೆ ಓಡಿ ತಟ್ಟೆ ತಂದು ಬಡಿದಳು. ಚಮಚ ಬಾಗುವಂತೆ ಬಡಿದಳು.

ಪೆರೋ ನಿಂತಿತು. ಕುರಿಗಳನ್ನು ನೋಡಿತು. ಗುಡ್ಡವನ್ನು ನೋಡಿತು. ಆಮೇಲೆ ತಿರುಗಿ, ಮಂಜಿನೊಳಗಿಂದ ನೇರವಾಗಿ ಅವಳ ಕಡೆಗೆ ಓಡಿಬಂತು.

ಬೈಗುಳ ಡಿಲಿಸಳ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ ಕೆಸರಿನಲ್ಲೇ ಮೊಣಕಾಲೂರಿ, "ಬಂದ್ಯಾ ಮಗಾ" ಎಂದಳು. ಅಷ್ಟು ವರ್ಷ ಮುಟ್ಟದ ಆ ತಲೆಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು. ಗೋಡೆಯಾಚೆ ಎಮ್ರಿಸ್ ಕೋವಿಯ ಗುಂಡು ತೆಗೆದು ಜೇಬಿಗೆ ಹಾಕಿಕೊಂಡ. ಮರಿಗಳು ಬಲಿತ ಮೇಲೆ ಕುರಿ ಅಟ್ಟಲು ನಿನ್ನ ನಾಯಿ ನನಗೊಂದಿಷ್ಟು ದಿನ ಬೇಕಾಗುತ್ತದೆ, ನೀನೂ ಜೊತೆಗೆ ಬರಬೇಕು ಎಂದು ಸಂಜೆ ಹೇಳಿಕಳಿಸಿದ.

ಈಗಲೂ ಪೆರೋ ಕೆಲವು ಸಂಜೆ ಗೇಟಿನ ಬಳಿ ಗುಡ್ಡ ನೋಡುತ್ತಾ ಕೂರುತ್ತದೆ. ಡಿಲಿಸ್ ತನ್ನ ಚಹಾ ತೆಗೆದುಕೊಂಡು ಅದರ ಪಕ್ಕಕ್ಕೆ ಹೋಗಿ ಕೂರುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಾಯಿಯನ್ನು ಒಬ್ಬರ ಕೈಗೆ ಮಾತ್ರ ಕಟ್ಟಿಹಾಕಬೇಡಿ. ಮನೆಯ ಪ್ರತಿಯೊಬ್ಬರೂ ಅದಕ್ಕೆ ಊಟ ಹಾಕಿ, ಅದರೊಡನೆ ನಡೆಯಿರಿ, ಎಲ್ಲರೂ ಒಂದೇ ಮಾತಿನಿಂದ ಕರೆಯಿರಿ. ಎಷ್ಟೇ ತಡವಾಗಿ ಬರಲಿ, ಕರೆದಾಗ ಬಂದ ನಾಯಿಯನ್ನು ಬೈಯಬೇಡಿ. ಇವತ್ತೇ, ಈ ಹಾಳೆಯನ್ನು ಕೆಳಗಿಟ್ಟು ಅಂಗಳಕ್ಕೆ ಹೋಗಿ, ಒಮ್ಮೆ ಕರೆದು ನೋಡಿ. ನಿಮ್ಮ ದನಿಯೂ ಅದಕ್ಕೆ ಮನೆಯ ದನಿಯಾಗಲಿ.