ನಾಲ್ಕು ಕಾಲಿನ ಹಂಡೆ

ನನ್ನ ತಮ್ಮನ ಹೆಸರು ಅಣ್ಣು. ಅವನು ಕೆಲಸ ಮಾಡುವ ಹಂಚಿನ ಕಾರ್ಖಾನೆಯಿಂದ ಜೆಪ್ಪುವಿನ ನಮ್ಮ ಮನೆಗೆ ಒಂದು ಮೈಲು. ಆ ಒಂದು ಮೈಲಿನಲ್ಲಿ ಜನ ರಸ್ತೆ ಬದಿಗೆ ಬಿಸಾಡಿದ್ದರಲ್ಲಿ ಏನಾದರೊಂದನ್ನು ಎತ್ತಿಕೊಳ್ಳದೆ ಅವನು ಮನೆಗೆ ಬಂದ ದಿನವಿಲ್ಲ. ಮೂರು ಕಾಲಿನ ಕುರ್ಚಿ, ಬಟ್ಟೆಯಿಲ್ಲದ ಕೊಡೆ, ಗಾಜೊಡೆದ ಲಾಟೀನು, ಉಸಿರು ನಿಂತ ಹಾರ್ಮೋನಿಯಂ, ಎಲ್ಲವೂ ನನ್ನ ಅಂಗಳದಲ್ಲಿ. ಕೇಳಿದರೆ, "ಒಳ್ಳೆ ಸಾಮಾನು ಅಕ್ಕ, ಸ್ವಲ್ಪ ರಿಪೇರಿ ಉಂಟು ಅಷ್ಟೆ" ಎನ್ನುತ್ತಾನೆ. ಹತ್ತು ವರ್ಷದಲ್ಲಿ ಒಂದೂ ರಿಪೇರಿಯಾಗಿಲ್ಲ. ನಾನು ಬೈಯುವುದನ್ನೂ ನಿಲ್ಲಿಸಿಲ್ಲ.

ಐವತ್ತೇಳನೇ ಇಸವಿಯ ದೀಪಾವಳಿಗೆ ಮಾತ್ರ ನಾನು ಹಟ ಹಿಡಿದೆ. ಮಗಳು ಶಶಿಪ್ರಭಾ, ಅಳಿಯ ಚಿತ್ತರಂಜನ ಬೊಂಬಾಯಿಯಿಂದ ಬರುವವರಿದ್ದರು. ಮದುವೆಯ ನಂತರದ ಮೊದಲ ಹಬ್ಬ, ಅಳಿಯನಿಗೆ ನಮ್ಮ ಮನೆಯಲ್ಲಿ ಮೊದಲ ಎಣ್ಣೆಸ್ನಾನ.

ಯಜಮಾನರು ತೀರಿಕೊಂಡ ಮೇಲೆ ಈ ಸಂಬಂಧವನ್ನು ನೋಡಿದವಳೂ ಒಪ್ಪಿದವಳೂ ನಾನೊಬ್ಬಳೇ. ಹುಡುಗ ದೊಡ್ಡ ಹೊಟೇಲಿನಲ್ಲಿ ಮ್ಯಾನೇಜರ್. ಅಂಗಿಗೂ ಇಸ್ತ್ರಿ, ಮಾತಿಗೂ ಇಸ್ತ್ರಿ. ಮದುವೆಯ ಮೂರು ದಿನದಲ್ಲಿ ಅವನು ನಕ್ಕದ್ದನ್ನು ನಾನು ಕಾಣಲಿಲ್ಲ. ಆಮೇಲೆ ಮಗಳ ಕಾಗದಗಳು ಬರತೊಡಗಿದವು. ಒಂದೊಂದೂ ಆರೇ ಸಾಲು. "ನಾವು ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯಿರಿ." ಬಾಯಿ ತೆರೆದರೆ ಮುಚ್ಚದ ನನ್ನ ಶಶಿ ಬರೆಯುವ ಕಾಗದವೇ ಇದು? ಮಗಳನ್ನು ಕಲ್ಲಿನಂಥವನಿಗೆ ಕೊಟ್ಟುಬಿಟ್ಟೆನೋ ಎಂದು ಹೆದರಿದ್ದೆ. ಈ ಹಬ್ಬದಲ್ಲಿ ಅವರಿಬ್ಬರೂ ನಗುವುದನ್ನು ನೋಡಬೇಕು, ನನಗೆ ಬೇರೇನೂ ಬೇಡ.

ಹಬ್ಬಕ್ಕೆ ಎಂಟು ದಿನ ಇರುವಾಗ ಬಚ್ಚಲಿನ ತಾಮ್ರದ ಹಂಡೆಯ ಹೊಟ್ಟೆ ಒಡೆಯಿತು. ಬೆಸುಗೆಯವನು ಹದಿನೈದು ದಿನ ಬೇಕು ಎಂದ. ದೀಪಾವಳಿಗೆ ಹಂಡೆ ಎರವಲು ಕೊಡುವ ಮನೆ ಊರಲ್ಲಿ ಎಲ್ಲಿಯಾದರೂ ಉಂಟೇ? ಎಲ್ಲರ ಮನೆಯಲ್ಲೂ ಅದೇ ಸ್ನಾನ. ನನ್ನ ಸಿಟ್ಟೆಲ್ಲ ಅಣ್ಣುವಿನ ಮೇಲೆ ಹೋಯಿತು.

"ಹಂಡೆಯಂತೂ ಇಲ್ಲ. ಅಂಗಳವಾದರೂ ಅಂಗಳದ ಹಾಗೆ ಕಾಣಲಿ. ನಾಳೆ ಸಂಜೆಗೆ ನಿನ್ನ ಒಂದು ಸಾಮಾನೂ ಇಲ್ಲಿ ಇರಬಾರದು."

ಮರುದಿನ ಅವನು ಎತ್ತಿನ ಗಾಡಿ ತಂದ. ಅಳುವುದೊಂದೇ ಬಾಕಿ, ಹಾರ್ಮೋನಿಯಮನ್ನು ಎರಡು ಕೈಯಲ್ಲಿ ಅಪ್ಪಿಕೊಂಡು ಗಾಡಿಗೆ ಹಾಕಿದ. ನಾನು ಅಂಗಳ ಗುಡಿಸಿ, ಸೆಗಣಿ ಸಾರಿಸಿ, ಸೊಂಟಕ್ಕೆ ಕೈಕೊಟ್ಟು ನಿಂತೆ. ಇಷ್ಟು ಅಗಲ ಅಂಗಳ ನಮಗುಂಟು ಎಂದು ನನಗೇ ಮರೆತುಹೋಗಿತ್ತು. ಸಂತೋಷದಲ್ಲಿ ಅದರ ಸುತ್ತ ಎರಡು ಸಲ ಸುಮ್ಮನೆ ನಡೆದೆ.

ಸಂಜೆ ಗಾಡಿ ತಿರುಗಿ ಬಂತು. ಖಾಲಿ ಇರಲಿಲ್ಲ.

ಅದರಲ್ಲಿ ದೋಣಿಯಷ್ಟು ದೊಡ್ಡ ಬಿಳಿ ತೊಟ್ಟಿಯೊಂದು ಕೂತಿತ್ತು. ಕಬ್ಬಿಣದ್ದು, ಒಳಗೆಲ್ಲ ಪಿಂಗಾಣಿಯ ಹೊಳಪು, ಕೆಳಗೆ ಸಿಂಹದ ಪಂಜದ ನಾಲ್ಕು ಕಾಲು. ಇಳಿಸಲು ಆರು ಜನ ಬೇಕಾದರು.

"ಗುಡ್ಡೆಯ ಬಂಗಲೆಯ ಬಿಳಿ ದೊರೆ ತನ್ನ ಊರಿಗೆ ಹೋದನಲ್ಲ, ಹೊಸಬರು ಇದನ್ನು ರಸ್ತೆಗೆ ಇಟ್ಟಿದ್ದಾರೆ" ಎಂದ ಅಣ್ಣು. ಅವನ ಮುಖವೂ ತೊಟ್ಟಿಯಂತೆ ಹೊಳೆಯುತ್ತಿತ್ತು. "ನಿನಗೆ ಹಂಡೆ ಬೇಕಿತ್ತಲ್ಲ ಅಕ್ಕ? ತಗೋ!"

"ಇದು ಹಂಡೆಯಾ?"

"ಮತ್ತೆಂತ? ಕೆಳಗೆ ಬೆಂಕಿ ಹಾಕಲಿಕ್ಕೆ ಅಲ್ಲದಿದ್ದರೆ ಕಾಲು ಯಾಕೆ ಇಟ್ಟಿದ್ದಾರೆ?"

ನಾನು ಬಗ್ಗಿ ನೋಡಿದೆ. ಸೌದೆ ತುರುಕಲು ಬೇಕಾದಷ್ಟೇ ಎತ್ತರ. ಇಂಗ್ಲಿಷರು ಬುದ್ಧಿವಂತರು, ಒಲೆಯ ಖರ್ಚನ್ನೂ ಉಳಿಸಿದ್ದಾರೆ ಎಂದುಕೊಂಡೆ. ತಳದಲ್ಲಿ ಒಂದು ಉರುಟು ತೂತಿತ್ತು. ತೂತಾದದ್ದಕ್ಕೇ ಬಿಸಾಡಿದ್ದಾರೆ ಎಂದು ಇಬ್ಬರೂ ತೀರ್ಮಾನಿಸಿದೆವು.

ತೂತು ಮುಚ್ಚಲು ಬಂದರಿನಿಂದ ಉಮರಬ್ಬರನ್ನು ಕರೆಸಿದೆವು. ನಲವತ್ತು ವರ್ಷ ದೋಣಿ ಕಟ್ಟಿದ ಕೈ. ಅವರು ಮರದ ಬೆಣೆ ಕೆತ್ತಿ, ಹತ್ತಿ ಸುತ್ತಿ, ರಾಳ ಸುರಿದು ಬಡಿದರು. ಎದ್ದು ನಿಂತು ಗಡ್ಡ ಕೆರೆದುಕೊಂಡರು.

"ಜಲಜಕ್ಕ, ನೀರು ಒಳಗೆ ಬಾರದ ಹಾಗೆ ಮಾಡುವುದು ನನ್ನ ಕೆಲಸ. ಹೊರಗೆ ಹೋಗದ ಹಾಗೆ ಮಾಡಿದ್ದು ಇದೇ ಮೊದಲು. ಸಮುದ್ರಕ್ಕಾದರೆ ನಾನು ಜವಾಬ್ದಾರಿ. ಬೆಂಕಿಗೆ ಅಲ್ಲ ಮಾರಾಯ್ರೆ."

ತೊಟ್ಟಿ ಬಚ್ಚಲಿನ ಬಾಗಿಲಲ್ಲಿ ಹಿಡಿಯಲಿಲ್ಲ. ಅಂಗಳದ ಮೂಲೆಯಲ್ಲೇ ಇಟ್ಟು, ಸುತ್ತ ತೆಂಗಿನ ಮಡಲಿನ ತಟ್ಟಿ ಕಟ್ಟಿದೆವು. ಅಣ್ಣು ಒಡೆದ ಹಂಚುಗಳನ್ನು ಕಾಲುಗಳ ಸುತ್ತ ಜೋಡಿಸಿ ಒಲೆ ಮಾಡಿದ, ಅದರ ಬಾಯಿ ಹಿಂದಿನ ಬದಿಗೆ. ಹಬ್ಬದ ಮುನ್ನಾದಿನ ನೀರು ತುಂಬುವ ಸಂಜೆ ಹಂಡೆಯ ಕೊರಳಿಗೆ ಹೂಬಳ್ಳಿ ಸುತ್ತುವುದು ಕ್ರಮ. ಇದಕ್ಕೆ ಕೊರಳೇ ಇಲ್ಲ. ಅಂಚಿನ ಉದ್ದಕ್ಕೂ ಸುತ್ತಿ, ಕುಂಕುಮ ಹಚ್ಚಿದೆವು. ನಲವತ್ತು ಕೊಡ ನೀರು ಹಿಡಿಯಿತು, ಸೇದಿ ಸೇದಿ ನನ್ನ ಭುಜ ಕಳಚಿತು.

ಅಳಿಯ ಮಗಳು ಅದೇ ಸಂಜೆ ಬಂದರು. ಅಳಿಯ ಕಾಲು ತೊಳೆದು, "ಹೇಗಿದ್ದೀರಿ ಅತ್ತೆ?" ಎಂದು ಕೇಳಿ, ಪೇಪರ್ ಹಿಡಿದು ಕೂತ. ಹೆಂಡತಿಯನ್ನು ಕರೆಯುವುದಕ್ಕೆ ಅವನಿಗೆ ಹೆಸರೇ ಇರಲಿಲ್ಲ, "ಸ್ವಲ್ಪ ಇಲ್ಲಿ ನೋಡಿ" ಎನ್ನುತ್ತಿದ್ದ. ಕಟ್ಟಿಕೊಂಡವಳಿಗೆ 'ನೋಡಿ'! ಶಶಿ ತಲೆ ತಗ್ಗಿಸಿ ನೀರು ಕೊಟ್ಟು ಬಂದಳು. "ಖುಷಿಯಲ್ಲಿದ್ದೀಯಾ ಮಗಾ?" ಎಂದರೆ, "ಅವರು ಒಳ್ಳೆಯವರಮ್ಮ, ಮಾತು ಕಡಿಮೆ" ಎಂದಳು.

ಕೋಳಿ ಕೂಗುವ ಮೊದಲೇ ಹಂಡೆಯ ಕೆಳಗೆ ಬೆಂಕಿ ಹಾಕಿದೆವು. ಬೆಳಕು ಹರಿಯುವ ಹೊತ್ತಿಗೆ ಅಣ್ಣು ಅಳಿಯನಿಗೆ ತಲೆಯಿಂದ ಕಾಲಿನವರೆಗೆ ಎಣ್ಣೆ ತಿಕ್ಕಿದ. ತಟ್ಟಿಯ ಒಳಗೆ ಕಳಿಸಿ, ಕೂರಲು ಮಣೆ, ಮೊಗೆಯಲು ಚೆಂಬು ತೋರಿಸಿ, ಸೀಗೆಪುಡಿ ತರಲು ಅಡುಗೆಮನೆಗೆ ಬಂದ. ನಾವು ಮೂವರೂ ಅಲ್ಲಿದ್ದೆವು. ಹೊರಗೆ ಚೆಂಬಿನ ಸದ್ದಿಲ್ಲ. 'ಗುಳುಂ' ಎಂದು ಬೇರೆಯೇ ಒಂದು ಸದ್ದು ಕೇಳಿಸಿತು.

"ಎಮ್ಮೆ ಕೆರೆಗೆ ಇಳಿದ ಹಾಗೆ ಕೇಳ್ತದಲ್ಲ?" ಎಂದ ಅಣ್ಣು.

ಆಮೇಲೆ ಊರೇ ಏಳುವಂಥ ಕೂಗು.

"ಶಶೀ! ಶಶೀ! ಅಯ್ಯಯ್ಯೋ ಶಶೀ!"

ಓಡಿದೆವು. ತಟ್ಟಿಯ ಸಂದಿನಲ್ಲಿ ನೋಡುತ್ತೇನೆ, ಮ್ಯಾನೇಜರ್ ಅಳಿಯ ಪಂಚೆ ಉಟ್ಟು ಹಂಡೆಯ ಒಳಗಿದ್ದಾನೆ! ಕೆಳಗೆ ಕೆಂಡ. ಏಳಲು ಹೋಗುತ್ತಾನೆ, ಮೈಯೆಲ್ಲ ಎಣ್ಣೆ, ಪಿಂಗಾಣಿ ನುಣುಪು, ಸೊಂಯ್ ಎಂದು ಜಾರುತ್ತಾನೆ. ಮತ್ತೆ ಏಳುತ್ತಾನೆ, ಮತ್ತೆ ಜಾರುತ್ತಾನೆ. ಕುಂಡೆ ಬಿಸಿಯಾದ ಹಾಗೆಲ್ಲ ಕಾಲು ಝಾಡಿಸುತ್ತಾನೆ. ಹಾಗೆ ಝಾಡಿಸಿದ ಒಂದು ಒದೆಗೆ ಉಮರಬ್ಬರ ಬೆಣೆ ಕಿತ್ತುಹೋಯಿತು. ನೀರೆಲ್ಲ ಕೆಂಡದ ಮೇಲೆ ಬಿದ್ದು ಭುಸ್ ಎಂದು ಹಬೆ, ಬೂದಿ, ಕೆಸರು. ಹಬೆಯ ನಡುವಿನಿಂದ ಮಸಿ ಮೆತ್ತಿದ ಒಂದು ಮುಖ ಎದ್ದಿತು. ಕೊರಳಲ್ಲಿ ಹಂಡೆಯ ಬಳ್ಳಿ.

ಸತ್ತೆ ಎಂದುಕೊಂಡೆ ನಾನು. ಮಗಳ ಬಾಳು ಮುಗಿಯಿತು, ಇವನು ಇವತ್ತೇ ಗಂಟುಮೂಟೆ ಕಟ್ಟುತ್ತಾನೆ.

ಆಗ ನನ್ನ ಹಿಂದಿನಿಂದ ಒಂದು ನಗು ಬಂತು. ಕಿವಿ ತುಂಬುವಂಥ, ನೆರೆಮನೆಗೂ ಕೇಳುವಂಥ, ನನ್ನ ಮಗಳ ಹಳೆಯ ನಗು. ಶಶಿ ಅಂಗಳದಲ್ಲಿ ಕುಕ್ಕರಿಸಿ ಹೊಟ್ಟೆ ಹಿಡಿದುಕೊಂಡಿದ್ದಳು. "ಬೆಂದಿತಾ?" ಎಂದು ಕೇಳಲು ಮೂರು ಸಲ ಪ್ರಯತ್ನಿಸಿದಳು, ನಗುವಿನಲ್ಲಿ ಮಾತು ಹೊರಡಲಿಲ್ಲ.

ಅಳಿಯ ಅವಳನ್ನು ನೋಡಿದ. ನನ್ನನ್ನು ನೋಡಿದ. ಆಮೇಲೆ ಅಂಚು ಹಿಡಿದುಕೊಂಡು, ಮಸಿ ಮುಖದಲ್ಲಿ ಬಿಳಿ ಹಲ್ಲು ಬಿಟ್ಟು, ಅಳುವಷ್ಟು ನಕ್ಕ.

"ನೀವು ಅದರೊಳಗೆ ಯಾಕೆ ಇಳಿದದ್ದು ಮಾರಾಯ್ರೆ?" ಎಂದ ಅಣ್ಣು.

"ಇಳಿಯಲಿಕ್ಕೇ ಇರುವುದು ಮಾವ ಇದು. ದೊರೆಗಳು ಇದರಲ್ಲಿ ಕೂತು ಸ್ನಾನ ಮಾಡುವುದು." ಟವೆಲಿನಲ್ಲಿ ಮುಖ ಒರೆಸಿ ನನ್ನ ಕಡೆ ತಿರುಗಿದ. ನಗು ಸ್ವಲ್ಪ ಇಳಿದಿತ್ತು. "ಅತ್ತೆ, ನಾನು ಮ್ಯಾನೇಜರ್ ಆದದ್ದು ಹೋದ ವರ್ಷ. ಅದಕ್ಕೆ ಮೊದಲು ಒಂಬತ್ತು ವರ್ಷ ಇಂಥ ತೊಟ್ಟಿ ತಿಕ್ಕಿದ್ದೇನೆ, ದಿನಕ್ಕೆ ಹನ್ನೆರಡು. ಒಂದು ದಿನವೂ ಕೂರಲಿಕ್ಕೆ ಬಿಡಲಿಲ್ಲ. ನಿಮಗೆ ಗೊತ್ತಾದರೆ ಏನು ಹೇಳ್ತೀರೋ ಎಂದು ಬಾಯಿಯೇ ತೆರೆಯುತ್ತಿರಲಿಲ್ಲ ನಾನು. ಇಲ್ಲಿ ನನಗಾಗಿ ಹೂಬಳ್ಳಿ ಸುತ್ತಿ, ನೀರು ಬಿಸಿ ಮಾಡಿ ಇಟ್ಟಿದ್ದೀರಿ. ತಡೆಯಲಿಕ್ಕೆ ಆಗಲಿಲ್ಲ."

ನನಗೆ ಕಣ್ಣು ತುಂಬಿತು. ತುಂಬಿದ್ದು ಯಾರಿಗೂ ಕಾಣಬಾರದೆಂದು ಅಣ್ಣುವಿಗೆ ಬೈದೆ.

"ನಿಂತದ್ದೆಂತ? ಬೂದಿ ಬಳಿ, ಬೆಣೆ ಬಡಿ. ಈ ಸಲ ನೀರು ಅಡುಗೆಮನೆಯಲ್ಲಿ ಕಾಯುತ್ತದೆ."

ಮನೆಯಲ್ಲಿದ್ದ ಪಾತ್ರೆಗಳಲ್ಲೆಲ್ಲ, ಇಡ್ಲಿ ಬೇಯಿಸುವ ಅಟ್ಟಿನಳಗೆಯಲ್ಲಿ ಕೂಡ, ನೀರು ಕಾಯಿಸಿ ಹೊತ್ತೆವು. ಅಳಿಯ ಬಿಸಿಲು ಏರುವವರೆಗೆ ತೊಟ್ಟಿಯಲ್ಲಿ ಕೂತ, ಕಾಲು ಚಾಚಿ, ಅಂಚಿಗೆ ತಲೆ ಇಟ್ಟು. ಶಶಿ ಪಕ್ಕದಲ್ಲಿ ಮಣೆ ಹಾಕಿಕೊಂಡು ಚೆಂಬು ಚೆಂಬು ಸುರಿದಳು. ತಟ್ಟಿಯ ಆಚೆ ಇಬ್ಬರ ಮಾತು ಮುಗಿಯಲೇ ಇಲ್ಲ, ಉದ್ದಿನ ದೋಸೆ ತಣ್ಣಗಾಯಿತು.

ಅವರು ಹೋಗಿ ಮೂರು ವಾರಕ್ಕೆ ಕಾಗದ ಬಂತು. ಎಂಟು ಪುಟ. ಓದಿ ಓದಿ ನನ್ನ ಕನ್ನಡಕ ಮೂಗಿನಿಂದ ಜಾರಿತು. ಕೊನೆಯಲ್ಲಿ ಬೇರೆ ಅಕ್ಷರದಲ್ಲಿ ಒಂದೇ ಸಾಲು: "ಅತ್ತೆಗೆ ನಮಸ್ಕಾರ. ನಾವು ಕ್ಷೇಮ. ತೊಟ್ಟಿಯ ಕ್ಷೇಮಕ್ಕೆ ಬರೆಯಿರಿ."

ನಾನು ಅಂಗಳಕ್ಕೆ ಇಳಿದೆ. ಹಾರ್ಮೋನಿಯಂ ಯಾವಾಗಲೋ ತಿರುಗಿ ಬಂದು ಗೋಡೆಗೆ ಒರಗಿತ್ತು. ಅದನ್ನು ನೋಡಿಯೂ ನೋಡದವಳಂತೆ ದಾಟಿ, ತೊಟ್ಟಿಯೊಳಗೆ ಬಿದ್ದ ಹಲಸಿನ ಎಲೆಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದೆ.